ಒಂಬತ್ತು ಕುಟುಂಬ ಸೇರಿ ಮನೆ ಕಟ್ಟಿಕೊಳ್ಳುವುದಾದರೆ ಜಮೀನು ಯಾರ ಹೆಸರಿನಲ್ಲಿರಬೇಕು?

ಪ್ರಶ್ನೆ: ನಾವು ಮೈಸೂರಿನ ಒಂಬತ್ತು ಕುಟುಂಬಗಳು. ಏಳು ಮನೆಯವರು ನಿವೃತ್ತರು ಅಥವಾ ಇನ್ನೇನು ನಿವೃತ್ತರಾಗುವವರು, ಮಕ್ಕಳು ಬೇರೆ ಊರಲ್ಲಿ. ಉಳಿದೆರಡು ಕುಟುಂಬಗಳು ಚಿಕ್ಕ ವಯಸ್ಸಿನವು. ಒಬ್ಬರು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬರು ಶಾಲಾ ವ್ಯಾನ್ ಓಡಿಸುತ್ತಾರೆ. ಬೋಗಾದಿಯಿಂದ ಆಚೆ ಒಂದು ಎಕರೆ ನೋಡಿದ್ದೇವೆ. ಒಂಬತ್ತು ಚಿಕ್ಕ ಮನೆ, ನಡುವೆ ಅಂಗಳ, ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ ಮತ್ತು ಎರಡು ಅತಿಥಿ ಕೋಣೆ ಎಂದುಕೊಂಡಿದ್ದೇವೆ. ನಾನು ವಟಾರದಲ್ಲಿ ಬೆಳೆದವನು, ಆ ಒಡನಾಟ ವಯಸ್ಸಾದ ಮೇಲೆ ಮತ್ತೆ ಬೇಕೆನಿಸುತ್ತಿದೆ. ಸಂಘ ಮಾಡಿಕೊಂಡರೆ ಸರ್ಕಾರ ಅಗ್ಗಕ್ಕೆ ಜಮೀನು ಕೊಡುತ್ತದೆ ಎಂದು ಒಬ್ಬರು ಹೇಳುತ್ತಾರೆ. ನಮ್ಮ ಮನೆ ನಾವು ಕಟ್ಟಿಕೊಳ್ಳಲು ರೇರಾ ಗೀರಾ ಬೇಡ ಎಂದು ಇನ್ನೊಬ್ಬರು. ಒಂದೇ ಕ್ರಯಪತ್ರದಲ್ಲಿ ಒಂಬತ್ತು ಹೆಸರು ಬರೆಸಿಬಿಡಿ, ಸಾಕು ಎಂದು ಬ್ರೋಕರ್. ‘ಮುಂದೆ ಜಗಳವಾದರೆ?’ ಎಂದು ಮಕ್ಕಳು ಕೇಳುತ್ತಿದ್ದಾರೆ. ಆ ಎರಡು ಕುಟುಂಬಗಳಿಗೆ ಕೈಗೆಟಕುವಂತೆ ಮಾಡಲು ಪಾಲಿಕೆಯಿಂದ ಏನಾದರೂ ದಾರಿ ಇದೆಯೇ? ನಮ್ಮ ನಮ್ಮವರೇ ಇರುವಂತೆ ನಿಯಮ ಮಾಡಿಕೊಳ್ಳಬಹುದೇ? ಜಮೀನಿನವರು ದೀಪಾವಳಿಯೊಳಗೆ ಮುಂಗಡ ಕೇಳುತ್ತಿದ್ದಾರೆ.

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆ, ಆದರೆ ಅವೆಲ್ಲದರ ಅಡಿಯಲ್ಲಿರುವ ಭಯ ಒಂದೇ. ಒಂಬತ್ತು ಜನ ದುಡ್ಡು ಹಾಕಿದ ಮೇಲೆ ಒಬ್ಬರು ತೀರಿಕೊಂಡರೆ, ಮುನಿಸಿಕೊಂಡರೆ ಅಥವಾ ಕೈ ಖಾಲಿಯಾಗಿ ಹೊರಟರೆ ಉಳಿದ ಎಂಟು ಮನೆಯ ಗತಿಯೇನು? ಪ್ಲ್ಯಾನ್ ಮಂಜೂರಾತಿ, ಖಾತೆ, ಭೂಪರಿವರ್ತನೆ ಇವೆಲ್ಲ ಕಚೇರಿ ಅಲೆದರೆ ಇವತ್ತಲ್ಲ ನಾಳೆ ಆಗುವ ಕೆಲಸ. ಹೊರಹೋಗುವ ದಾರಿಯನ್ನು ಮಾತ್ರ ಮೊದಲೇ ಬರೆದಿಡದಿದ್ದರೆ ಆಮೇಲೆ ಯಾವ ಕಚೇರಿಯೂ ಬರೆದುಕೊಡುವುದಿಲ್ಲ. ನಿಮ್ಮ ಮಕ್ಕಳ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ನಿಮ್ಮ ಯೋಚನೆಯಲ್ಲಿ ವಿಚಿತ್ರವೇನೂ ಇಲ್ಲ. ಡೆನ್ಮಾರ್ಕ್‌ನಲ್ಲಿ 1972ರಲ್ಲೇ ಸೆಟಡಾಮೆನ್ ಎಂಬಲ್ಲಿ 27 ಮನೆಗಳವರು ಹೀಗೆ ಅಂಗಳ, ಊಟದ ಮನೆ ಹಂಚಿಕೊಂಡು ನೆಲೆಸಿದರು. ನಮ್ಮಲ್ಲಂತೂ ದೇಶದ ಮೊದಲ ಗೃಹ ಸಹಕಾರ ಸಂಘ ಎನ್ನಲಾಗುವುದು 1909ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು. ವಟಾರದ ಮಾತು ಮಾತ್ರ ಬೇರೆ. ವಟಾರಕ್ಕೆ ಒಬ್ಬ ಮಾಲೀಕ ಇರುತ್ತಿದ್ದ. ನಲ್ಲಿ ಕೆಟ್ಟರೆ, ಬಾಡಿಗೆದಾರರು ಕಿತ್ತಾಡಿದರೆ ಅವನ ಮಾತೇ ಕೊನೆ. ನಿಮ್ಮಲ್ಲಿ ಆ ಮಾಲೀಕ ಇರುವುದಿಲ್ಲ, ಒಂಬತ್ತೂ ಜನ ಮಾಲೀಕರೇ. ಒಡನಾಟ ವಟಾರದ್ದೇ ಬರಬಹುದು, ತೀರ್ಮಾನ ಮಾಡುವ ಹೊರೆ ಹೊಸದು.

ಮೊದಲು ಸಂಘ ಮತ್ತು ಅಗ್ಗದ ಜಮೀನಿನ ವಿಷಯ. ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳಿಗಾಗಿ ಸರ್ಕಾರವೇ 1894ರ ಭೂಸ್ವಾಧೀನ ಕಾಯ್ದೆಯಡಿ ರೈತರ ಜಮೀನು ಹಿಡಿದುಕೊಡುತ್ತಿತ್ತು. ಬೆಂಗಳೂರಿನ ಎಷ್ಟೋ ‘ಎಂಪ್ಲಾಯೀಸ್ ಲೇಔಟ್’ಗಳು ಎದ್ದಿದ್ದು ಹಾಗೆ. ಸಂಘಗಳು ಮಧ್ಯವರ್ತಿಗಳಿಗೆ ದುಡ್ಡು ಕೊಟ್ಟು ಸ್ವಾಧೀನ ಮಾಡಿಸಿಕೊಂಡವು, ಸದಸ್ಯರಲ್ಲದವರಿಗೂ ಸೈಟು ಹೋಯಿತು. ಸರ್ಕಾರ ನೇಮಿಸಿದ ಜಿ.ವಿ.ಕೆ. ರಾವ್ ಸಮಿತಿ ಈ ಅಕ್ರಮಗಳನ್ನು ಬಯಲಿಗೆಳೆಯಿತು, 1995ರಲ್ಲಿ ಎಚ್‌ಎಂಟಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಸ್ವಾಧೀನವನ್ನೇ ರದ್ದು ಮಾಡಿತು. ಆ ನಲ್ಲಿ ಬಂದಾಗಿ ಮೂರು ದಶಕವಾಯಿತು. ಇವತ್ತು ಸಂಘ ಮಾಡಿದರೂ ಜಮೀನನ್ನು ನೀವು ಮಾರುಕಟ್ಟೆ ಬೆಲೆಗೇ ಕೊಳ್ಳಬೇಕು. ಅಲ್ಲದೆ 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಗೆ ಬೇರೆ ಬೇರೆ ಕುಟುಂಬದ ಕನಿಷ್ಠ ಹತ್ತು ಜನ ಬೇಕು. ನೀವು ಒಂಬತ್ತು.

ರೇರಾ ಎಂದರೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾಯ್ದೆ. ಅದು ಬೇಡ ಎನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಜಮೀನು 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟು ಮೀರದಿದ್ದರೆ 2016ರ ಆ ಕಾಯ್ದೆಯಡಿ ನೋಂದಣಿ ಬೇಕಿಲ್ಲ. ನಿಮ್ಮದು ಒಂಬತ್ತು ಮನೆ, ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಎರಡೂ ವಿನಾಯಿತಿ ನಿಮಗಿಲ್ಲ. ಹಾಗೆಂದು ರೇರಾ ಬಂದೇಬಿಟ್ಟಿತು ಎಂದೂ ಅಲ್ಲ. ಆ ಕಾಯ್ದೆ ಇರುವುದು ಮಾರಾಟಕ್ಕೆ ಕಟ್ಟುವವರಿಗೆ. ಜಮೀನಿನ ಒಡೆಯರೇ ತಮ್ಮ ವಾಸಕ್ಕೆ ಕಟ್ಟಿಕೊಂಡು ಯಾರಿಗೂ ಮಾರದಿದ್ದರೆ ಮಾತು ಬೇರೆಯಾಗುತ್ತದೆ. ಇದನ್ನು ವಕೀಲರಿಂದ ಬರಹದಲ್ಲಿ ಪಡೆಯಿರಿ, ಬಾಯಿಮಾತು ಬೇಡ. ಗುಂಪುಗಳು ಜಾರುವುದು ಎಲ್ಲಿ ಗೊತ್ತೇ? ಖರ್ಚು ಏರಿದಾಗ ಯಾರೋ ಒಬ್ಬರು ‘ಎರಡು ಮನೆ ಜಾಸ್ತಿ ಕಟ್ಟಿ ಮಾರಿಬಿಡೋಣ, ಎಲ್ಲ ಸರಿಹೋಗುತ್ತೆ’ ಎನ್ನುತ್ತಾರೆ. ಆ ದಿನದಿಂದ ನೀವು ಬಿಲ್ಡರ್‌ಗಳು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಸದಸ್ಯರಿಗಾಗಿ ಮನೆ ಕಟ್ಟಿಸುವ ಸಹಕಾರ ಸಂಘವನ್ನೂ ರೇರಾ ‘ಪ್ರವರ್ತಕ’ರ, ಅಂದರೆ ಬಿಲ್ಡರ್‌ಗಳ, ಪಟ್ಟಿಯಲ್ಲೇ ಸೇರಿಸಿದೆ. ರೇರಾ ತಪ್ಪಿಸಿಕೊಳ್ಳಲು ಸಂಘ ಮಾಡುವುದು ತಿರುಗುಮುರುಗು.

ಇಷ್ಟೆಲ್ಲ ಗೊಂದಲಕ್ಕೆ ಮೂಲ ಕಾರಣ ನಮ್ಮ ಯೋಜನಾ ವ್ಯವಸ್ಥೆಯಲ್ಲೇ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರದ ಮೇಜಿಗೆ ಬರುವ ವಸತಿ ಕಡತಗಳು ಬಹುಪಾಲು ಮೂರು ಬಗೆಯವು: ಒಬ್ಬರ ಸೈಟಿನ ಮನೆ, ಸೈಟು ಹಂಚುವ ಲೇಔಟ್, ಬಿಲ್ಡರ್‌ನ ಅಪಾರ್ಟ್‌ಮೆಂಟ್. ತಮಗಾಗಿ ತಾವೇ ಸೇರಿ ಕಟ್ಟಿಕೊಳ್ಳುವ ಗುಂಪಿಗೆ ಅಲ್ಲಿ ಪ್ರತ್ಯೇಕ ಅರ್ಜಿ ನಮೂನೆ ಇಲ್ಲ, ಯಾವುದಾದರೊಂದು ವೇಷ ಹಾಕಿಯೇ ಒಳಗೆ ಹೋಗಬೇಕು. ಯಾವ ವೇಷ ಎನ್ನುವುದರ ಮೇಲೆ ನಿಮ್ಮ ಅಂಗಳದ ಹಣೆಬರಹ ನಿಂತಿದೆ. ಒಂಬತ್ತು ಸೈಟು ಮಾಡಿ ಲೇಔಟ್ ಎಂದು ಅರ್ಜಿ ಹಾಕಿದರೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗವನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ನೀವು ಅಂಗಳ ಎಂದು ಗುರುತಿಸಿದ್ದು ದಾಖಲೆಯಲ್ಲಿ ಸಾರ್ವಜನಿಕ ಪಾರ್ಕ್ ಆಗುತ್ತದೆ, ನಿಮ್ಮ ಅಡುಗೆಮನೆಗೆ ಜಾಗವೇ ಉಳಿಯದೆ ಹೋಗಬಹುದು. ಅದೇ ಜಮೀನನ್ನು ತುಂಡು ಮಾಡದೆ ಒಂದೇ ಆವರಣದ ವಸತಿ ಸಮುಚ್ಚಯ ಎಂದು ತೋರಿಸಿದರೆ ಅಂಗಳ ಸಾಮಾನ್ಯ ಸ್ವತ್ತಾಗಿ ನಿಮ್ಮಲ್ಲೇ ಇರುತ್ತದೆ. ಜಮೀನು ದೊಡ್ಡದಾದರೆ ಅಲ್ಲೂ ಜಾಗ ಬಿಡುವ ನಿಯಮವಿದೆ, ನಿಮ್ಮ ಅಳತೆಗೆ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಪ್ರಾಧಿಕಾರದ ವಲಯ ನಿಯಮಗಳಲ್ಲಿ ಮೊದಲೇ ನೋಡಿಸಿ. ಆರ್ಕಿಟೆಕ್ಟ್ ಬಳಿ ಹೋಗಿ ಮೂರು ಆಯಾಮದ ಚೆಂದದ ಚಿತ್ರ ಮಾಡಿಸುವುದಕ್ಕಿಂತ ಮುಂಚೆ ಆಗಬೇಕಾದ ಕೆಲಸ ಇದು.

ಜಮೀನು ಇನ್ನೂ ಕೃಷಿಯದ್ದು ಎಂದುಕೊಳ್ಳುತ್ತೇನೆ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ರೈತರಲ್ಲದವರೂ ಕೊಳ್ಳಬಹುದು, ಆ ಅಡ್ಡಿ ಹೋಯಿತು. ಆದರೆ ಮನೆ ಕಟ್ಟಲು ಭೂಪರಿವರ್ತನೆ ಬೇಕು, ಮಾಸ್ಟರ್ ಪ್ಲ್ಯಾನ್‌ನಲ್ಲಿ ಆ ಸರ್ವೆ ನಂಬರ್ ವಸತಿ ವಲಯದಲ್ಲಿರಬೇಕು. ಹಸಿರು ವಲಯದಲ್ಲಿದ್ದು, ‘ಮುಂದಿನ ಪ್ಲ್ಯಾನ್‌ನಲ್ಲಿ ಹಳದಿ (ಅಂದರೆ ವಸತಿ ವಲಯ) ಆಗುತ್ತೆ ಸಾರ್’ ಎಂದು ಬ್ರೋಕರ್ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಪಹಣಿ, ಮ್ಯುಟೇಷನ್, ಆಕಾರ್‌ಬಂದ್, 11ಇ ನಕ್ಷೆ, ಋಣಭಾರ ಪತ್ರ ಇಂಥ ಜಮೀನಿನ ದಾಖಲೆಗಳನ್ನು ಎಲ್ಲರೂ ನೋಡುತ್ತಾರೆ. ನಾನು ಒತ್ತಿ ಹೇಳುವುದು ಎರಡು. ಒಂದು, ಜಮೀನಿನ ಮೂಲ. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದು, ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಅಸಿಂಧು. ಇಷ್ಟು ವರ್ಷವಾಯಿತಲ್ಲ ಎಂಬ ಸಮಾಧಾನವನ್ನೂ ನೆಚ್ಚಿಕೊಳ್ಳುವಂತಿಲ್ಲ, ಆ ಕಾಯ್ದೆ ಬಳಸಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಎರಡು, ಮಾರುವವರ ಮನೆಯ ಹೆಣ್ಣುಮಕ್ಕಳ ಸಹಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಅವರೂ ಸಮಪಾಲಿನವರು. ‘ಅಕ್ಕ ಕೇಳಲ್ಲ, ಮದುವೆಗೆ ಚಿನ್ನ ಹಾಕಿದ್ದೀವಿ’ ಎನ್ನುವುದು ದಾಖಲೆಯಲ್ಲ.

ಈಗ ಮುಖ್ಯ ವಿಷಯ: ಒಡೆತನ.

ಬ್ರೋಕರ್ ಹೇಳಿದ ದಾರಿ ಅಗ್ಗ, ಬೇಗ, ಅಪಾಯಕಾರಿ. ಒಂದೇ ಕ್ರಯಪತ್ರದಲ್ಲಿ ಒಂಬತ್ತು ಹೆಸರಿದ್ದರೆ ಪ್ರತಿಯೊಬ್ಬರಿಗೂ ಇಡೀ ಜಮೀನಿನ ಪ್ರತಿ ಅಂಗುಲದಲ್ಲಿ ಅವಿಭಜಿತ ಪಾಲು. ಯಾರು ಬೇಕಾದರೂ ಯಾವಾಗ ಬೇಕಾದರೂ ವಿಭಾಗದ ದಾವೆ ಹಾಕಬಹುದು. ಭಾಗ ಮಾಡಲು ಬರುವುದಿಲ್ಲ ಎಂದಾದರೆ ಮಾರಿ ದುಡ್ಡು ಹಂಚಿ ಎನ್ನುವ ಅಧಿಕಾರ ನ್ಯಾಯಾಲಯಕ್ಕೆ 1893ರ ವಿಭಾಗ ಕಾಯ್ದೆಯಲ್ಲೇ ಇದೆ. ಸ್ನೇಹಿತರು ದಾವೆ ಹಾಕುವುದಿಲ್ಲ, ನಿಜ. ಹಾಕುವುದು ಸ್ನೇಹಿತರ ವಾರಸುದಾರರು.

ನಾನು ಸಲಹೆ ಕೊಟ್ಟ ಗುಂಪೊಂದರಲ್ಲಿ ಹೀಗಾಗಿತ್ತು. ಲಿಂಟಲ್ ಮಟ್ಟಕ್ಕೆ ಕೆಲಸ ಬಂದಾಗ ಸದಸ್ಯರೊಬ್ಬರು ಹೃದಯಾಘಾತದಿಂದ ಹೋದರು. ಮೂವರು ಮಕ್ಕಳು: ಒಬ್ಬರು ಇಲ್ಲೇ, ಒಬ್ಬರು ಪುಣೆ, ಒಬ್ಬರು ಅಮೆರಿಕ. ಯಾರಿಗೂ ದುರುದ್ದೇಶವಿರಲಿಲ್ಲ. ಆದರೆ ಬ್ಯಾಂಕು ಮುಂದಿನ ಕಂತು ಬಿಡಲು ಮೂವರ ಸಹಿ ಕೇಳಿತು, ಪೌತಿ ಖಾತೆಗೆ ವಂಶವೃಕ್ಷ ಬೇಕಾಯಿತು, ಅಮೆರಿಕದಿಂದ ಅಧಿಕಾರ ಪತ್ರ ದೂತಾವಾಸದ ಮುದ್ರೆಯೊಂದಿಗೆ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಕಾಲಂಗಳ ಮೇಲೆ ಚಾಚಿಕೊಂಡಿದ್ದ ಕಂಬಿ ಕೆಂಪಗಾಗಿ, ಮತ್ತೆ ಉಜ್ಜಿಸಿ ಸಿಮೆಂಟು ಹಾಲು ಬಳಿಸಿ ಕೆಲಸ ಶುರು ಮಾಡಬೇಕಾಯಿತು. ಮೇಸ್ತ್ರಿ ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿದ್ದ. ಒಳ್ಳೆಯವರ ನಡುವೆಯೇ ಇಷ್ಟಾಯಿತು.

ಜಂಟಿ ಒಡೆತನದಲ್ಲಿ ಇನ್ನೊಂದು ಸಿಕ್ಕು ನಿಮ್ಮ ಗುಂಪಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸಾಲ ಬೇಕಾಗಿರುವುದು ನರ್ಸ್ ಮತ್ತು ಚಾಲಕರ ಕುಟುಂಬಕ್ಕೆ. ಜಮೀನು ಅವಿಭಜಿತವಾಗಿದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಎಲ್ಲ ಸಹ ಒಡೆಯರ ಸಹಿ ಕೇಳುತ್ತವೆ. ಅಂದರೆ ಇಬ್ಬರ ಸಾಲಕ್ಕೆ ಏಳು ಪಿಂಚಣಿದಾರರ ಜಮೀನು ಒತ್ತೆ. ಇದನ್ನು ಯಾರೂ ನಿಮ್ಮ ಸಭೆಯಲ್ಲಿ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ.

ನಿಮ್ಮ ಸ್ಥಿತಿಗೆ ನನಗೆ ಹೆಚ್ಚು ಸರಿ ಕಾಣುವುದು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ. ಅಪಾರ್ಟ್‌ಮೆಂಟ್ ಎಂದರೆ ಹತ್ತು ಮಹಡಿಯೇ ಆಗಬೇಕಿಲ್ಲ. ಘೋಷಣಾ ಪತ್ರವೊಂದನ್ನು ನೋಂದಾಯಿಸಿದರೆ ಪ್ರತಿ ಮನೆಗೂ ಸ್ವಂತ ಒಡೆತನ, ಜೊತೆಗೆ ಸಾಮಾನ್ಯ ಪ್ರದೇಶದಲ್ಲಿ ಇಂತಿಷ್ಟು ಶೇಕಡಾ ಹಕ್ಕು. ದೊಡ್ಡ ಲಾಭವೆಂದರೆ ಅಂಗಳ, ಅಡುಗೆಮನೆ, ಬೋರ್‌ವೆಲ್ ಯಾವುದನ್ನೂ ಭಾಗ ಮಾಡಿ ಎಂದು ದಾವೆ ಹಾಕುವಂತಿಲ್ಲ, ಕಾಯ್ದೆಯೇ ಅದನ್ನು ತಡೆದಿದೆ. ಸಾಲ ಮಾಡಿದವರು ತಮ್ಮ ಮನೆಯನ್ನು ಮಾತ್ರ ಒತ್ತೆ ಇಡಬಹುದು. ಯಾರಾದರೂ ತೀರಿಕೊಂಡರೆ ಆ ಒಂದು ಮನೆಯ ವಾರಸುದಾರಿಕೆಯಷ್ಟೇ ಪ್ರಶ್ನೆಗೆ ಬರುತ್ತದೆ. ಒಂದು ಎಚ್ಚರ: ಹಲವು ಕಟ್ಟಡಗಳಿದ್ದರೆ ಒಂದೊಂದರಲ್ಲೂ ಕನಿಷ್ಠ ಎರಡು ಮನೆ ಇರಬೇಕೆಂದು ಈ ಕಾಯ್ದೆ ಬಯಸುತ್ತದೆ. ಒಂಬತ್ತು ಒಂಟಿ ಮನೆ ಬಿಡಿಬಿಡಿಯಾಗಿ ನಿಲ್ಲಿಸಿದರೆ ತೊಡಕು. ಗೋಡೆಗೆ ಗೋಡೆ ಸೇರಿಸಿ ಎರಡು, ಮೂರು ಮನೆಗಳ ಸಾಲು ಮಾಡಿ. ಗೋಡೆ, ಪಾಯದ ಖರ್ಚೂ ಉಳಿಯುತ್ತದೆ.

ಸಹಕಾರ ಸಂಘವೇ ಎಲ್ಲಕ್ಕೂ ಒಡೆಯನಾಗಿ, ಸದಸ್ಯರು ಷೇರು ಹೊಂದಿ ವಾಸಿಸುವ ಪದ್ಧತಿ ಮುಂಬೈನಲ್ಲಿ ಬೇರೂರಿದೆ. ನಮ್ಮಲ್ಲಿ ಸಂಘಗಳು ಸೈಟು ಹಂಚಿ ಕೈತೊಳೆದುಕೊಂಡದ್ದೇ ಹೆಚ್ಚು. ಹತ್ತನೆಯ ಕುಟುಂಬ ಸಿಕ್ಕರೂ ವಾರ್ಷಿಕ ಆಡಿಟ್, ಐದು ವರ್ಷಕ್ಕೊಮ್ಮೆ ಚುನಾವಣೆ, ಇಲಾಖೆಯ ಮೇಲ್ವಿಚಾರಣೆ ಎಲ್ಲ ನಿಮ್ಮ ತಲೆಯ ಮೇಲೆ. ಎಪ್ಪತ್ತೈದನೇ ವಯಸ್ಸಿನಲ್ಲಿ ನಿಮ್ಮಲ್ಲಿ ಯಾರು ಕಾರ್ಯದರ್ಶಿ? ಟ್ರಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟನ್ನು ಒಂಬತ್ತು ಮನೆಯ ಅನುಕೂಲಕ್ಕೆ ಬಳಸುವಂತಿಲ್ಲ, ಖಾಸಗಿ ಟ್ರಸ್ಟಿನ ಜಮೀನಿನ ಮೇಲೆ ಬ್ಯಾಂಕು ಸುಲಭಕ್ಕೆ ಸಾಲ ಕೊಡುವುದಿಲ್ಲ.

ಯಾವ ದಾರಿ ಹಿಡಿದರೂ ನಿಮ್ಮ ನಡುವೆ ಒಂದು ಒಪ್ಪಂದ ಬೇಕು. ‘ಹೊರಗಿನವರಿಗೆ ಮಾರುವಂತೆಯೇ ಇಲ್ಲ’ ಎಂದು ಬರೆದರೆ ಅದು ನಿಲ್ಲುವುದಿಲ್ಲ. ಮಾರಾಟವನ್ನು ಪೂರ್ತಿ ತಡೆಯುವ ಷರತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಮಿನಂತೆ ಅಸಿಂಧು. ಮೊದಲು ಗುಂಪಿಗೆ ಹೇಳಬೇಕು, ಇಷ್ಟು ದಿನ ಕಾಯಬೇಕು, ಬೆಲೆ ಹೀಗೆ ಲೆಕ್ಕ ಹಾಕಬೇಕು ಎಂದು ಬರೆಯಬಹುದು. ಬೆಲೆಯ ಸೂತ್ರ ಇಲ್ಲದ ಒಪ್ಪಂದ ಕಾಗದಕ್ಕೆ ದಂಡ. ಸೂತ್ರವಿದ್ದರೂ ಕೊಳ್ಳಲು ಗುಂಪಿನ ಬಳಿ ದುಡ್ಡಿರಬೇಕಲ್ಲ? ಅದಕ್ಕೆ ತಿಂಗಳ ನಿರ್ವಹಣಾ ವೆಚ್ಚದ ಜೊತೆಗೇ ಒಂದು ನಿಧಿ ಶುರು ಮಾಡಿ, ಅಥವಾ ಕಂತಿನಲ್ಲಿ ಕೊಡುವ ಅವಕಾಶ ಬರೆದಿಡಿ.

‘ನಮ್ಮ ನಮ್ಮವರೇ’ ಎಂಬ ನಿಯಮದ ಬಗ್ಗೆ ಕೇಳಿದ್ದೀರಿ. ಅಹಮದಾಬಾದಿನ ಪಾರ್ಸಿ ಗೃಹ ಸಂಘದ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಸಂಘದ ಸದಸ್ಯತ್ವ ನಿರ್ಬಂಧವನ್ನು ಎತ್ತಿಹಿಡಿದದ್ದು ಹೌದು, ಅದನ್ನೇ ಹಿಡಿದು ಕೆಲವರು ಸಲಹೆ ಕೊಡುತ್ತಾರೆ. ಜಾತಿ ನೋಡಿ ಬಾಗಿಲು ಹಾಕುವ ಬೈಲಾ ಬರೆದುಕೊಡು ಎಂದರೆ ನಾನು ಬರೆದುಕೊಡುವುದಿಲ್ಲ. ವ್ಯವಹಾರದ ದೃಷ್ಟಿಯಿಂದಲೂ ಅದು ನಷ್ಟ. ನಿಮ್ಮ ಮಗನೇ ನಾಳೆ ಮಾರಲು ಹೊರಟಾಗ ಕೊಳ್ಳುವವರ ಸಾಲು ಅಷ್ಟು ಚಿಕ್ಕದಾಗಿರುತ್ತದೆ. ಅಡುಗೆಮನೆಯ ಸರದಿ, ಸಾಕುಪ್ರಾಣಿ, ಬಾಡಿಗೆಗೆ ಕೊಡುವುದು, ರಾತ್ರಿ ಗದ್ದಲ ಇಂಥ ನಡವಳಿಕೆಯ ನಿಯಮ ಎಷ್ಟು ಬೇಕೋ ಅಷ್ಟು ಮಾಡಿಕೊಳ್ಳಿ.

ಕೈಗೆಟಕುವ ಬೆಲೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಸೇರಿ ಕಟ್ಟಿದರೆ ಬಿಲ್ಡರ್‌ನ ಲಾಭ, ಜಾಹೀರಾತು, ಬ್ರೋಕರೇಜ್ ಉಳಿಯುತ್ತದೆ. ಜಮೀನಿನ ಬೆಲೆ ಇಳಿಯುವುದಿಲ್ಲ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಮಾರ್ಮಲೇಡ್ ಲೇನ್‌ನಲ್ಲಿ 42 ಮನೆಗಳ ಹೆಸರಾಂತ ಸಹವಸತಿ ಎದ್ದಿತು. ಜಮೀನು ನಗರಸಭೆಯದ್ದೇ, ಆದರೂ ಮನೆಗಳು ಮಾರುಕಟ್ಟೆ ಬೆಲೆಯವು. ಅದೇ ದೇಶದ ಲೀಡ್ಸ್‌ನ ಲಿಲ್ಯಾಕ್ ಎಂಬ ಸಹವಸತಿಯಲ್ಲಿ, 2013ರಿಂದ, 20 ಮನೆಗಳಿಗೂ ಒಡೆಯ ಸಂಘವೇ. ಸದಸ್ಯರು ನಿವ್ವಳ ಆದಾಯದ ಶೇ 35ರಷ್ಟು ಕಟ್ಟುತ್ತಾರೆ. ಬಿಟ್ಟುಹೋಗುವಾಗ ಸಿಗುವ ದುಡ್ಡಿಗೆ ಮನೆಯ ಮಾರುಕಟ್ಟೆ ದರವಲ್ಲ, ಜನರ ಸಂಬಳದ ಏರಿಕೆಯೇ ಅಳತೆಗೋಲು. ಅಗ್ಗವಾಗಿಯೇ ಉಳಿಯಲು ಹೀಗೆ ಯಾರಾದರೂ ಲಾಭ ಬಿಡಲೇಬೇಕು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ನಗರಾಡಳಿತವೇ ಖಾಲಿಯಾದ ಸೇನಾ ಬ್ಯಾರಕ್‌ಗಳ ಜಾಗ ಪಡೆದು, ಬೆಲೆ ನಿಗದಿ ಮಾಡಿ, ಯಾರ ಯೋಜನೆ ಊರಿಗೆ ಒಳ್ಳೆಯದೋ ಆ ಗುಂಪಿಗೆ ಕಾಯ್ದಿರಿಸಿ ಕೊಡುತ್ತದೆ. ಹರಾಜಿನಲ್ಲಿ ಹೆಚ್ಚು ಕೂಗಿದವರಿಗಲ್ಲ. ಜ್ಯೂರಿಕ್‌ನಲ್ಲಿ 2050ರ ಹೊತ್ತಿಗೆ ಬಾಡಿಗೆ ಮನೆಗಳಲ್ಲಿ ಮೂರನೇ ಒಂದು ಭಾಗ ಲಾಭರಹಿತವಾಗಿರಬೇಕೆಂದು 2011ರಲ್ಲಿ ಮತದಾರರೇ ತೀರ್ಮಾನಿಸಿದರು.

ನಮ್ಮ ಪ್ರಾಧಿಕಾರಗಳು ಮೂಲೆ ಸೈಟುಗಳನ್ನು ಹರಾಜಿಗೆ ಹಾಕಿ ಬೊಕ್ಕಸ ತುಂಬಿಸಿಕೊಳ್ಳುತ್ತವೆ. ನಾಗರಿಕ ಸೌಲಭ್ಯದ ಸೈಟುಗಳು ಶಾಲೆ, ಆಸ್ಪತ್ರೆಯಂಥವಕ್ಕೆ ಗುತ್ತಿಗೆಗೆ ಹೋಗುತ್ತವೆ, ಮನೆಗಲ್ಲ. ಇನ್ನು ಪಾಲಿಕೆ: ಬಡಾವಣೆ ಮಂಜೂರು ಮಾಡುವುದು ಅದರ ಕೆಲಸವೇ ಅಲ್ಲ, ಯೋಜನಾ ಪ್ರಾಧಿಕಾರದ್ದು. ಹೀಗಾಗಿ ಗುಂಪಾಗಿ ನಿಮಗೆ ಇವತ್ತು ಸಿಗುವ ನೆರವು ಇಲ್ಲವೆನ್ನುವಷ್ಟು ಕಡಿಮೆ. ಆ ಎರಡು ಕುಟುಂಬಗಳಿಗೆ ಪ್ರತ್ಯೇಕವಾಗಿ ಒಂದು ದಾರಿಯಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ, ವರ್ಷದ ಆದಾಯ 9 ಲಕ್ಷ ರೂಪಾಯಿ ಮೀರದ, ದೇಶದಲ್ಲೆಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬಕ್ಕೆ ಗೃಹಸಾಲದ ಬಡ್ಡಿ ಸಹಾಯಧನ ಗರಿಷ್ಠ 1.80 ಲಕ್ಷ ಸಿಗುತ್ತದೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಅವರ ಮನೆಗೆ ಪ್ರತ್ಯೇಕ ದಾಖಲೆ ಇದ್ದರೆ ಇಂಥ ಅರ್ಜಿ ಸಲೀಸು, ಅಪಾರ್ಟ್‌ಮೆಂಟ್ ಒಡೆತನದ ಪರವಾಗಿ ಇದೂ ಒಂದು ಕಾರಣ.

ಉಳಿದ ಕೊರತೆಯನ್ನು ಏಳು ಮನೆಯವರೇ ಹೊರಬೇಕು. ಹೊರುವುದಾದರೆ ಲೆಕ್ಕ ಸ್ಪಷ್ಟವಿರಲಿ. ಆ ಎರಡು ಕುಟುಂಬಗಳಿಗೆ ಚಿಕ್ಕ ಅಳತೆಯ ಮನೆ, ಅದಕ್ಕೆ ತಕ್ಕ ಕಡಿಮೆ ಶೇಕಡಾ ಹಕ್ಕು, ಬಿಟ್ಟ ಹಣವನ್ನು ಅವರು ಮನೆ ಮಾರಿದಾಗ ಅದೇ ಪ್ರಮಾಣದಲ್ಲಿ ಗುಂಪಿನ ನಿಧಿಗೆ ಮರಳಿಸುವ ಷರತ್ತು. ‘ನಾವು ಮೇಲೆ ಹಾಕಿಕೊಡ್ತೀವಿ, ನೀವು ನಮ್ಮನ್ನ ನೋಡ್ಕೊಳ್ಳಿ’ ಎಂಬ ಬಾಯಿಮಾತಿನ ವ್ಯವಸ್ಥೆ ಮಾತ್ರ ಖಂಡಿತ ಬೇಡ. ನರ್ಸ್ ನಿಮ್ಮ ನೆರೆಯವರಾಗಿ ಬರುತ್ತಿರುವುದು, ಸಂಬಳವಿಲ್ಲದ ಆಯಾ ಆಗಿ ಅಲ್ಲ. ಈ ಮಾತನ್ನು ಅವರ ಎದುರಿನಲ್ಲೇ ಆಡಿ ಮುಗಿಸಿ.

ಮುಂಗಡದ ವಿಷಯಕ್ಕೆ ಬರೋಣ. ದೀಪಾವಳಿಯ ಗಡುವು ಜಮೀನಿನವರದ್ದು, ನಿಮ್ಮದಲ್ಲ. ಮೊದಲು ಒಂಬತ್ತೂ ಮನೆಯವರು ಸೇರಿ ಒಬ್ಬ ವಕೀಲರಿಂದ ಹಕ್ಕು ದಾಖಲೆಗಳ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಬ್ರೋಕರ್ ಸೂಚಿಸಿದ ವಕೀಲರು ಬೇಡ. ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂದು ಪ್ರಾಧಿಕಾರದಿಂದಲೇ ಬರೆಸಿಕೊಳ್ಳಿ. ಎರಡೂ ಸರಿಯಿದ್ದರೆ ಮಾತ್ರ ಕರಾರು. ಅದರಲ್ಲಿ ಮಾರುವವರ ಮನೆಯ ಎಲ್ಲ ಪಾಲುದಾರರ ಸಹಿ ಇರಲಿ, ಭೂಪರಿವರ್ತನೆ ಇಂತಿಷ್ಟು ತಿಂಗಳಲ್ಲಿ ಆಗದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಷರತ್ತಿರಲಿ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ, ಒಂಬತ್ತು ಜನರೂ ಅವರವರ ಖಾತೆಯಿಂದ ಅವರವರ ಪಾಲನ್ನು ಕೊಡಲಿ. ಎಲ್ಲರ ಹಣವನ್ನೂ ಒಬ್ಬರ ಖಾತೆಗೆ ಹಾಕಿ ಅವರಿಂದ ಕೊಡಿಸುವುದು ಸುಲಭ, ಆದರೆ ಆದಾಯ ತೆರಿಗೆಯವರ ಪ್ರಶ್ನೆಗೂ ಮುಂದಿನ ಪಾಲಿನ ತಕರಾರಿಗೂ ಅವರೊಬ್ಬರೇ ಉತ್ತರ ಕೊಡಬೇಕಾಗುತ್ತದೆ. ಜಮೀನಿನವರು ಇಷ್ಟಕ್ಕೆ ಒಪ್ಪದಿದ್ದರೆ ಬೇರೆ ಜಮೀನು ನೋಡಿ.